ಕೆಂಪು ಬಟ್ಟೆ ಕಟ್ಟಿದ ದಾರಿ

“ಭಾನುವಾರದ ಹೊತ್ತು ಏನ್ ಮಾಡ್ತೀರಾ?” ಎಂದು ಅಂಬಿಕ ಫೋನಿನಲ್ಲಿ ಕೇಳಿದಾಗ ಚಲಪತಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ, ಕದಿರೇನಕುಂಟೆಯ ಎಮ್ಮೆಯೊಂದು ತನ್ನ ಪಾಡಿಗೆ ತಾನು ಮೆಲುಕು ಹಾಕಿಕೊಂಡಿರುತ್ತಿತ್ತು, ರೈಲ್ವೆಯ ನಿವೃತ್ತ ಗಾರ್ಡ್ ಮುನಿಸ್ವಾಮಪ್ಪನವರ ಎಡಗಾಲಿನ ಚಪ್ಪಲಿ ಇವತ್ತಿಗೂ ಅವರ ಎಡಗಾಲಲ್ಲೇ ಇರುತ್ತಿತ್ತು. ಇದ್ದದ್ದು ಇಷ್ಟು: ಭಾನುವಾರ ಚಲಪತಿ ಉರಿಗಾಂನ ತನ್ನ ಮನೆಯಲ್ಲಿ ಚಾಪೆಯ ಮೇಲೆ ಮಧ್ಯಾಹ್ನದ ತನಕ ಬಿದ್ದುಕೊಂಡು, ಯಾವುದೋ ದೇಶದವರು ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಹಳ್ಳದ ಪಕ್ಕದ ಹೂವಿನ ಬಯಲು ದಾಟಿ ಬೆಟ್ಟ ಹತ್ತುವ ವಿಡಿಯೋಗಳನ್ನು ನೋಡುತ್ತಿದ್ದ. ನೋಡಿ ನೋಡಿ ಅವನಿಗೇ ಕಾಲು ನೋಯುತ್ತಿತ್ತು.

“ಟ್ರೆಕ್ಕಿಂಗ್ ಹೋಗ್ತೀನಿ,” ಎಂದ.

ಮೂವತ್ತು ದಾಟಿದ ಚಲಪತಿಗೆ ಬಂಗಾರಪೇಟೆಯ ತಾಲ್ಲೂಕು ಆಫೀಸಿನ ಎದುರು ಒಂದು ಜೆರಾಕ್ಸ್ ಅಂಗಡಿ. ಇದಕ್ಕೆ ಮುಂಚೆ ಬಂದಿದ್ದ ಸಂಬಂಧಗಳೆಲ್ಲ “ಓ, ಜೆರಾಕ್ಸಾ?” ಎಂದು ಒಂದೇ ರಾಗದಲ್ಲಿ ಕೇಳಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಎದ್ದುಹೋಗಿದ್ದವು. ಅಂಬಿಕ ಹಾಗೆ ಕೇಳಲಿಲ್ಲ. ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದ ಆಕೆ, “ಹೌದಾ! ಯಾವ ಬೆಟ್ಟ?” ಎಂದಳು. ಆ “ಹೌದಾ”ದಲ್ಲಿ ಎಷ್ಟು ಖುಷಿಯಿತ್ತೆಂದರೆ, ಅದನ್ನು ಇನ್ನೊಮ್ಮೆ ಕೇಳುವುದಕ್ಕಾಗಿ ಚಲಪತಿ ಹಿಮಾಲಯವನ್ನೇ ಹೆಸರಿಸುವವನಿದ್ದ. ಪುಣ್ಯಕ್ಕೆ ಬಾಯಿಗೆ ಬಂದದ್ದು ಗಿಣಿಬಂಡೆ ಬೆಟ್ಟ.

“ಆ ಕಡೆ ನಾನು ಹೋಗೇ ಇಲ್ಲ! ಮಳೆ ನಿಂತಿದೆ, ಹಳ್ಳದಲ್ಲಿ ನೀರಿರುತ್ತೆ, ಬಯಲೆಲ್ಲಾ ಹೂವಿರುತ್ತೆ ಅಲ್ವಾ?”

“ಕಾಲಿಡೋಕೆ ಜಾಗ ಇರಲ್ಲ,” ಎಂದ ಚಲಪತಿ, ಅಲ್ಲಿ ಎಂದೂ ಕಾಲಿಡದವನು.

“ಹಾಗಾದ್ರೆ ಕೇಳಿ. ಸೀರೆ ಸುತ್ಕೊಂಡು, ತಲೆ ತಗ್ಗಿಸ್ಕೊಂಡು, ಕಾಫಿ ತಟ್ಟೆ ಹಿಡ್ಕೊಂಡು ಬರೋದು ನನ್ನ ಕೈಲಾಗಲ್ಲ. ಹೆಣ್ಣು ನೋಡೋ ಶಾಸ್ತ್ರ ಬೆಟ್ಟದ ಮೇಲೇ ಆಗ್ಲಿ. ಈ ಭಾನುವಾರ ಬೇಡ, ಮುಂದಿನ ಭಾನುವಾರ. ನಮ್ಮಪ್ಪನ್ನ ಒಪ್ಪಿಸೋದು ನನ್ನ ಕೆಲ್ಸ, ದಾರಿ ತೋರ್ಸೋದು ನಿಮ್ಮ ಕೆಲ್ಸ.”

ಚಲಪತಿ ಫೋನಿಟ್ಟು, ಅಂಗಡಿಯ ಶಟರ್ ಅರ್ಧ ಎಳೆದು, ಒಳಗೆ ಒಬ್ಬನೇ ಕುಣಿದ. ಕುಣಿತ ಮುಗಿದ ಮೇಲೆ ಅವನಿಗೆ ದಾರಿಯ ವಿಷಯ ನೆನಪಾಯಿತು. ಗಿಣಿಬಂಡೆ ಬೆಟ್ಟವನ್ನು ಅವನು ದಿನಾ ಬೆಳಿಗ್ಗೆ ರೈಲಿನ ಕಿಟಕಿಯಿಂದ ನೋಡುತ್ತಿದ್ದ. ಬೆಟ್ಟಕ್ಕೂ ಅವನಿಗೂ ಇದ್ದ ಪರಿಚಯ ಅಷ್ಟೇ. ಕಿಟಕಿ ಪಕ್ಕದ ಸೀಟು ಸಿಗದ ದಿನ ಅದೂ ಇರಲಿಲ್ಲ.

ಮೊದಲು ಬೂಟು ಬಂತು. ರಾಬರ್ಟ್‌ಸನ್‌ಪೇಟೆಯಿಂದ ಕಿತ್ತಳೆ ಬಣ್ಣದ ದಾರ ಕಟ್ಟಿದ, ಅಡಿಯಲ್ಲಿ ಟ್ರ್ಯಾಕ್ಟರಿನ ಟೈರಿನಂಥ ಹಲ್ಲುಗಳಿದ್ದ ಬೂಟು. ಅದನ್ನು ಪಳಗಿಸಲೆಂದು ಅವನು ಮನೆಯ ಮುಂದಿನ ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ. ಓಣಿಯ ಮನೆಗಳಿಗೆ ಗೋಡೆ ಬೇರೆಬೇರೆ ಇಲ್ಲ, ಸುದ್ದಿಯೂ ಬೇರೆಬೇರೆ ಇಲ್ಲ. ಗಣಿಯಲ್ಲಿ ದುಡಿದು ನಿವೃತ್ತನಾದ ಪಕ್ಕದ ಮನೆಯ ಆರುಮುಗಂ ಜಗಲಿಯ ಮೇಲಿಂದ ಬೂಟನ್ನು ದಿಟ್ಟಿಸಿದ.

“ಎನ್ನ ತಂಬಿ, ಏನಿದು? ನಾವು ಭೂಮಿ ಒಳಗೆ ಮೈಲಿಗಟ್ಲೆ ಇಳಿದು ಬಂದ್ವಿ, ಯಾರ್ಗೂ ಏಳ್ಳಿಲ್ಲ. ನೀನು ಒಂದು ಗುಡ್ಡ ಅತ್ತೋಕ್ಮುಂಚೆ ಓಣಿಗೆಲ್ಲಾ ಬೂಟು ತೋರಿಸ್ತಾ ಇದ್ದೀಯ.”

“ಮಾವ, ಇಳಿಯೋದು ಸುಲಭ. ಹತ್ತೋದು ಬೇರೆ ಟೆಕ್ನಿಕ್,” ಎಂದ ಚಲಪತಿ ಗಂಭೀರವಾಗಿ. ಅದು ವಿಡಿಯೋದಲ್ಲಿ ಬಂದಿತ್ತು.

ಮಧ್ಯದ ಭಾನುವಾರ ಅವನು ಗೆಳೆಯ ವೇಣುವಿನ ಆಟೋದಲ್ಲಿ ತಾಲೀಮಿಗೆ ಹೊರಟ. ಬೆಟ್ಟದ ಬುಡದ ಊರು ಕದಿರೇನಕುಂಟೆ. ಊರಾಚೆ ಆಟೋ ನಿಲ್ಲಿಸಿ ಹಳ್ಳದ ಗುಂಟ ನಡೆದು, ಬಿದಿರು ಮೆಳೆ ದಾಟಿದ್ದೇ ತಡ, ಇಬ್ಬರೂ ನಿಂತುಬಿಟ್ಟರು. ಉಳುಮೆ ಕಾಣದ ಬೀಳು ಜಮೀನು ಬೆಟ್ಟದ ತನಕ ಹೂ ಬಿಟ್ಟು ನಿಂತಿತ್ತು. ಬಿಳಿ ಬುಡಕ್ಕೆ ಗುಲಾಬಿ ತುದಿ ಹಚ್ಚಿಕೊಂಡ ತೆನೆಯಂಥ ಹೂಗಳು ಮೊಣಕಾಲುದ್ದ. ನಡುನಡುವೆ ತಂಗಡಿಯ ಹಳದಿ. ಕೆಳಗೆ ನೆಲಕ್ಕೆ ಅಂಟಿಕೊಂಡು ವಿಷ್ಣುಕ್ರಾಂತಿಯ ನೀಲಿ. ಹಳ್ಳದ ನೀರು ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು. ಚಲಪತಿಗೆ ಮೈ ಜುಮ್ಮೆಂದಿತು. ತಾನು ಹೇಳಿದ್ದ ಸುಳ್ಳು ಕಣ್ಣೆದುರಿಗೇ ನಿಜವಾಗಿ ಗಾಳಿಗೆ ತಲೆಯಾಡಿಸುತ್ತಿತ್ತು.

“ಮಚ್ಚಾ, ಇದೇನ್ ಡಾ ಇದು! ಕಂಪ್ಯೂಟರ್ ಆನ್ ಮಾಡಿದ್ರೆ ಬರುತ್ತಲ್ಲ, ಅಂಗೈತೆ!” ಎಂದು ವೇಣು ಕೂಗಿದ.

ಬೆಟ್ಟ ಹತ್ತುವಷ್ಟು ಹೊತ್ತಿರಲಿಲ್ಲ. ಬುಡದ ಹಾಸುಬಂಡೆಯ ತನಕ ಹೋದರೆ ಸಾಕು, ಅಲ್ಲೇ ಶಾಸ್ತ್ರ ಮುಗಿಸಿಬಿಡುವುದು ಎಂದು ಚಲಪತಿ ತೀರ್ಮಾನಿಸಿದ. ಆದರೆ ಆ ಹೂವಿನ ಸಮುದ್ರದಲ್ಲಿ ಹಾಸುಬಂಡೆಗೆ ಹೋಗುವ ಜಾಡು ಮತ್ತೆ ಸಿಗಬೇಕಲ್ಲ. ಅದಕ್ಕೂ ಅವನು ಸಿದ್ಧನಾಗಿಯೇ ಬಂದಿದ್ದ. ಅಮ್ಮನ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಹಳೆಯ ಕೆಂಪು ಸೀರೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದು ತಂದಿದ್ದ. ಪೊದೆಗೊಂದರಂತೆ ಕೆಂಪು ಪಟ್ಟಿ ಕಟ್ಟುತ್ತ, ಕಲ್ಲು ಸಿಕ್ಕಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ಹೋದರು.

ಬೀಳಿನ ನಡುವೆ ಎರಡು ಹಸು ಮೇಯಿಸುತ್ತ ನಿಂತಿದ್ದ ಹೆಂಗಸೊಬ್ಬಳು ಇವರು ಕಟ್ಟುವುದನ್ನೇ ನೋಡುತ್ತಿದ್ದಳು. ಅವಳು ಕದಿರೇನಕುಂಟೆಯ ಗಂಗರತ್ನಮ್ಮ.

“ಏನಪ್ಪಾ ಕಟ್ತಾ ಇದ್ದೀರಾ?”

ಹೆಣ್ಣು ನೋಡಲು ಎಂದು ಹೇಳಲು ಚಲಪತಿಗೆ ನಾಚಿಕೆಯಾಯಿತು. ಬೂಟು ನೋಡಿಕೊಂಡು, “ಅದೆಲ್ಲಾ ಈಗ ಹೇಳೋ ಹಾಗಿಲ್ಲಮ್ಮ,” ಎಂದ. “ಮುಂದಿನ ಭಾನುವಾರ ಎಲ್ರೂ ಬರ್ತಾರೆ, ಆಗ ಗೊತ್ತಾಗುತ್ತೆ.”

ಈ ಮಾತು ಆ ಸಂಜೆ ಹಾಲಿನ ಕ್ಯಾನಿನ ಜೊತೆ ಊರ ಡೈರಿಗೆ ಹೋಯಿತು.

“ಕೆಂಪು ಬಟ್ಟೆ, ಸುಣ್ಣ. ಕೇಳಿದ್ರೆ ‘ಏಳೋ ಅಂಗಿಲ್ಲ’ ಅಂದವ್ರೆ,” ಎಂದಳು ಗಂಗರತ್ನಮ್ಮ, ಹಾಲು ಅಳೆಸುತ್ತ.

ಪಂಚಾಯಿತಿ ಮೆಂಬರ್ ಸೊಣ್ಣಪ್ಪ ಬೀಡಿ ಬಿಸಾಡಿದ. “ಏಳೋ ಅಂಗಿಲ್ಲ ಅಂದ್ನಾ? ಆಯ್ತು ಬುಡು. ರೋಡ್ ಬತ್ತೈತೆ.”

ಕದಿರೇನಕುಂಟೆಯವರನ್ನು ಇಲ್ಲಿ ಪೆದ್ದರೆಂದು ತಿಳಿಯಬಾರದು. ಪಕ್ಕದ ಊರಿನ ಮೇಲೆ ದೊಡ್ಡ ರಸ್ತೆ ಹಾದುಹೋಗುವ ಮುಂಚೆಯೂ ಹೀಗೇ ಇಬ್ಬರು ಬಂದಿದ್ದರು, ಹೀಗೇ ಕೆಂಪು ಬಟ್ಟೆ ಕಟ್ಟಿದ್ದರು, ಹೀಗೇ ಏನೂ ಹೇಳದೆ ಹೋಗಿದ್ದರು. ಆಮೇಲೆ ಹೊಲದಲ್ಲಿ ಮಾವಿನ ಮರವಿದ್ದವರಿಗೆ ಮರದ ಲೆಕ್ಕದಲ್ಲಿ ಬೇರೆ ಪರಿಹಾರ. ಬರೀ ನೆಲವಿದ್ದವರಿಗೆ ಬರೀ ನೆಲದ್ದು. ಆ ಪಾಠ ಸುತ್ತಲಿನ ಊರುಗಳಿಗೆಲ್ಲ ಬಾಯಿಪಾಠವಾಗಿತ್ತು. ಅದೂ ಅಲ್ಲದೆ ಸೊಣ್ಣಪ್ಪನ ಹತ್ತಿರ ಪುರಾವೆಯಿತ್ತು: “ಆ ಬೂಟಿನಯ್ಯನ್ನ ನಾನು ತಾಲ್ಲೂಕು ಆಫೀಸ್ ತಾವ ನೋಡಿವ್ನಿ ಕಣ್ರಲಾ. ಕೈತುಂಬಾ ನಕ್ಷೆ ಇಡ್ಕೊಂಡಿದ್ದ.” ಜೆರಾಕ್ಸ್ ಅಂಗಡಿಯವನ ಕೈಯಲ್ಲಿ ಇನ್ನೇನಿರುತ್ತದೆ?

ಮಾರನೆಯ ದಿನ ಟ್ರ್ಯಾಕ್ಟರಿನಲ್ಲಿ ಮಾವಿನ ಸಸಿ ಬಂದಿಳಿಯಿತು. ವರ್ಷಗಟ್ಟಲೆ ಗುದ್ದಲಿ ಕಾಣದ ಬೀಳಿನಲ್ಲಿ ಗುಂಡಿಗಳೆದ್ದವು. ಅಷ್ಟಕ್ಕೇ ನಿಂತಿದ್ದರೂ ಚಲಪತಿಗೆ ತೊಂದರೆಯಿರಲಿಲ್ಲ. ಆದರೆ ಕೆಂಪು ಬಟ್ಟೆಯ ಸಾಲು ತನ್ನ ಜಮೀನಿನ ಅಂಚಿನಲ್ಲೇ ತಿರುಗಿ ಗಂಗರತ್ನಮ್ಮನ ಬೀಳಿನ ಮೇಲೆ ಹೋಗಿರುವುದನ್ನು ಸೊಣ್ಣಪ್ಪ ಗಮನಿಸಿದ. ಸರ್ಕಾರ ತನಗೊಬ್ಬನಿಗೇ ಅನ್ಯಾಯ ಮಾಡಿತೆಂದು ಅವನಿಗೆ ಖಾತ್ರಿಯಾಯಿತು. ಮಂಗಳವಾರ ಕೋಳಿ ಕೂಗುವ ಮುಂಚೆ ಹೋಗಿ ನಾಲ್ಕು ಪಟ್ಟಿ ಬಿಚ್ಚಿ ತನ್ನ ಹೊಲದಲ್ಲಿ ಕಟ್ಟಿಕೊಂಡು ಬಂದ. ಬುಧವಾರ ಅವನ ದಾಯಾದಿ ಅದರಲ್ಲಿ ಎರಡು ಬಿಚ್ಚಿ ತನ್ನ ತಿಪ್ಪೆಗೆ ಕಟ್ಟಿದ. ಗುರುವಾರದಿಂದ ಆ ಬಟ್ಟೆಗಳು ಒಂದು ಕಡೆ ನಿಂತವೆಂದೇ ಇಲ್ಲ. ಶನಿವಾರದ ಹೊತ್ತಿಗೆ ಹಾಸುಬಂಡೆಯ ಕಡೆ ಒಂದೂ ಉಳಿದಿರಲಿಲ್ಲ, ಸುಣ್ಣದ ಗೆರೆಗಳೂ ದನಗಳ ಕಾಲಿಗೆ ಅಳಿಸಿಹೋಗಿದ್ದವು.

ಭಾನುವಾರ ಬೆಳಿಗ್ಗೆ ಎರಡು ಆಟೋಗಳಲ್ಲಿ ಶಾಸ್ತ್ರ ಬಂದಿಳಿಯಿತು. ಅಂಬಿಕ ಚೂಡಿದಾರಕ್ಕೆ ಕ್ಯಾನ್ವಾಸ್ ಬೂಟು ಹಾಕಿ, ಕೊರಳಿಗೆ ಪಿ.ಟಿ. ಪೀರಿಯಡ್ಡಿನ ಪೀಪಿ ನೇತುಹಾಕಿಕೊಂಡಿದ್ದಳು. ಅವಳ ತಂದೆ ಮುನಿಸ್ವಾಮಪ್ಪನವರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ, ಯಾವುದೇ ಸಂಬಂಧಕ್ಕೂ ಕೆಂಪು ಬಾವುಟ ತೋರಿಸಲು ಸಿದ್ಧವಾದ ಮುಖದಲ್ಲಿ ಇಳಿದರು. ಸೋದರತ್ತೆ ಶಶಿರೇಖ ರೇಷ್ಮೆ ಸೀರೆ, ಮೊಳದುದ್ದ ಮಲ್ಲಿಗೆ, ಎತ್ತರದ ಹಿಮ್ಮಡಿಯ ಚಪ್ಪಲಿ. ಚಲಪತಿಯ ಕಡೆಯಿಂದ ಅವನ ತಾಯಿ ಅಶ್ವತ್ಥಮ್ಮ, ಒಂದು ಬುಟ್ಟಿ ಬೋಂಡಾ, ಒಂದು ದೊಡ್ಡ ಫ್ಲಾಸ್ಕು, ಮತ್ತು ವೇಣು.

“ಜೆರಾಕ್ಸ್ ಅಂತೆ,” ಎಂದರು ಮುನಿಸ್ವಾಮಪ್ಪನವರು, ನಮಸ್ಕಾರದ ಬದಲು.

“ಕಲರ್ ಕೂಡ ಇದೆ ಸಾರ್,” ಎಂದ ಚಲಪತಿ.

ಹಳ್ಳದ ಗುಂಟ ನಡೆಯುವಷ್ಟು ಹೊತ್ತು ಎಲ್ಲವೂ ವಿಡಿಯೋದಂತೆಯೇ ನಡೆಯಿತು. ಅಂಬಿಕ ಕಲ್ಲಿಂದ ಕಲ್ಲಿಗೆ ಜಿಗಿದಳು. ಹೂವಿನ ಬಯಲು ಕಾಣುತ್ತಿದ್ದಂತೆ, “ಅಯ್ಯೋ ಅಪ್ಪಾ, ನೋಡಿ!” ಎಂದು ಅವಳು ಕೂಗಿದ್ದು ಕೇಳಿ ಚಲಪತಿಗೆ ಆ ಹೂಗಳನ್ನೆಲ್ಲ ತಾನೇ ಬಿತ್ತಿ ಬೆಳೆದ ಹಾಗಾಯಿತು. ಅವಳು ಗುಲಾಬಿ ತುದಿಯ ತೆನೆಯೊಂದನ್ನು ಹಿಡಿದು ಕೇಳಿದಳು:

“ಇದರ ಹೆಸರೇನು?”

“ಅದಾ? ಅದು ಎತ್ತರದ ಜಾಗದಲ್ಲಿ ಮಾತ್ರ ಬರೋ ಜಾತಿ. ಮೂಲ ಕಾಶ್ಮೀರದ ಕಡೆದು.”

“ಅಣ್ಣೆಸೊಪ್ಪು ಕಣ್ಲಾ,” ಎಂದರು ಅಶ್ವತ್ಥಮ್ಮ ಹಿಂದಿನಿಂದ. “ಮೊನ್ನೆ ಬಸ್ಸಾರು ಮಾಡಿದ್ರೆ ಮೂರ್ ಸಲ ಉಯ್ಸ್ಕೊಂಡು ಉಂಡ್ಯಲ್ಲ.”

ಅಂಬಿಕ ನಗು ತಡೆಯಲು ಕೆಳಗೆ ನೋಡಿದಳು. ಚಲಪತಿ ಅವಸರವಾಗಿ ಮೊದಲನೆಯ ಕೆಂಪು ಬಟ್ಟೆಯ ಕಡೆ ಕೈ ತೋರಿದ. “ಬನ್ನಿ, ಜಾಡು ಈ ಕಡೆ.”

ಮೊದಲನೆಯ ಬಟ್ಟೆ ಇದ್ದಲ್ಲೇ ಇತ್ತು. ಎರಡನೆಯದು, ಅವನಿಗೆ ನೆನಪಿದ್ದಂತೆ, ಬಲಕ್ಕಿರಬೇಕಿತ್ತು, ಎಡಕ್ಕಿತ್ತು. ನೆನಪಿಗೂ ಬಟ್ಟೆಗೂ ಜಗಳ ಬಂದಾಗ ಚಲಪತಿ ಬಟ್ಟೆಯ ಪಕ್ಷ ವಹಿಸಿದ. ರಾಗಿ ಹೊಲದ ಬದುವಿನ ಮೇಲೆ ಎಲ್ಲರನ್ನೂ ಸಾಲಾಗಿ ನಡೆಸಿದ. ಮೂರನೆಯ ಬಟ್ಟೆ ತಿಪ್ಪೆಯ ನೆತ್ತಿಯ ಮೇಲೆ ಕೋಲಿಗೆ ಕಟ್ಟಿಸಿಕೊಂಡು ಹಾರಾಡುತ್ತಿತ್ತು.

“ಇದರ ಮೇಲೇನಾ?” ಎಂದರು ಶಶಿರೇಖ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ಇಲ್ಲಿಂದ ವ್ಯೂ ಚೆನ್ನಾಗಿರುತ್ತೆ ಅತ್ತೆ.”

ತಿಪ್ಪೆ ಹತ್ತಿದರು. ವ್ಯೂ ನಿಜಕ್ಕೂ ಚೆನ್ನಾಗಿತ್ತು. ಇಳಿಯುವಾಗ ಶಶಿರೇಖರ ಒಂದು ಹಿಮ್ಮಡಿ ಅಲ್ಲೇ ಗೊಬ್ಬರವಾಗಲು ಉಳಿಯಿತು. ನಾಲ್ಕನೆಯ ಬಟ್ಟೆ ಹೊಸ ತಗಡಿನ ಶೆಡ್ಡೊಂದರ ಮೇಲಿತ್ತು. ಅದರ ಸುತ್ತ ಒಂದು ಪ್ರದಕ್ಷಿಣೆ. ಐದನೆಯದಕ್ಕೆ ಹಳ್ಳ ದಾಟಿದರು, ಆರನೆಯದಕ್ಕೆ ಹಳ್ಳವನ್ನು ವಾಪಸು ದಾಟಿದರು. ಎಲ್ಲಿ ನೋಡಿದರೂ ಹೂಗಳ ನಡುವೆ ಮೊಳಕಾಲೆತ್ತರದ ಮಾವಿನ ಸಸಿಗಳು, ಒಂದರ ಪಕ್ಕ ಒಂದು, ಸ್ಕೂಲು ಮಕ್ಕಳ ಪ್ರಾರ್ಥನೆಯ ಸಾಲಿನಂತೆ.

“ಹೋದ ವಾರ ಇವೆಲ್ಲಿದ್ವು ಡಾ?” ಎಂದು ವೇಣು ಕಿವಿಯಲ್ಲಿ ಕೇಳಿದ.

“ನಡಿ, ನಡಿ.”

ಮುನಿಸ್ವಾಮಪ್ಪನವರು ಕೊಡೆ ಊರಿ ನಿಂತರು. “ಈ ಎಮ್ಮೆ ಆಗ್ಲೂ ಇಲ್ಲೇ ಇತ್ತಲ್ವಾ?”

“ಅದು ಬೇರೆ ಎಮ್ಮೆ ಸಾರ್.”

“ನಾನು ಮೂವತ್ತು ವರ್ಷ ಗಾರ್ಡ್ ಆಗಿದ್ದೋನು ಕಣಪ್ಪ. ಒಂದು ಸಲ ದಾಟಿದ ಸ್ಟೇಷನ್ ಮರೆಯಲ್ಲ. ಇದು ಲೂಪ್ ಲೈನು.”

ಆ ಎಮ್ಮೆಯ ಕೊಂಬಿಗೆ ಪೊದೆಯಲ್ಲಿ ಉಜ್ಜಿಕೊಳ್ಳುವಾಗ ಒಂದು ಕೆಂಪು ಪಟ್ಟಿ ಸಿಕ್ಕಿಕೊಂಡಿತ್ತು. ಮುಂದಿನ ಗುರುತಿಗಾಗಿ ಕಣ್ಣು ನೆಟ್ಟಿದ್ದ ಚಲಪತಿಗೆ ಕಂಡದ್ದು ಬಟ್ಟೆ ಮಾತ್ರ. ಅದರ ಕೆಳಗಿನ ಎಮ್ಮೆ ಕಾಣಲಿಲ್ಲ. “ಸಿಕ್ತು, ಆ ಕಡೆ!” ಎಂದು ಹೊರಟ. ಹಿಂದೆ ಜನ ಬರುವುದನ್ನು ಕಂಡು ಎಮ್ಮೆ ಹೆಜ್ಜೆ ಬಿರುಸು ಮಾಡಿತು. ಚಲಪತಿಯೂ ಬಿರುಸು ಮಾಡಿದ. ಹಿಂದೆ ಪಿ.ಟಿ. ಟೀಚರು, ಗಾರ್ಡು, ಒಂದೂವರೆ ಚಪ್ಪಲಿಯ ಅತ್ತೆ, ಬೋಂಡಾ ಬುಟ್ಟಿ. ಎಮ್ಮೆ ನೇರವಾಗಿ ಕುಂಟೆಗಿಳಿದು, ಕುತ್ತಿಗೆಯ ತನಕ ನೀರಿನಲ್ಲಿ ಕೂತು, ಕೆಂಪು ಬಟ್ಟೆಯನ್ನು ಮಾತ್ರ ಮೇಲಿಟ್ಟುಕೊಂಡಿತು. ಚಲಪತಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಹಿಂತಿರುಗಿ ನೋಡಿದ.

“ಮುಂದೆ?” ಎಂದಳು ಅಂಬಿಕ ದಡದಿಂದ, ಕೈಕಟ್ಟಿಕೊಂಡು. ಕಣ್ಣಿನಲ್ಲಿ ನಗುವಿತ್ತೋ ಅನುಮಾನವಿತ್ತೋ ಹೇಳಲಾಗದು, ಪಿ.ಟಿ. ಟೀಚರುಗಳ ಕಣ್ಣಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಅವನು ಉತ್ತರ ಹುಡುಕುವ ಮುಂಚೆ ತಮಟೆ ಕೇಳಿಸಿತು. ಕುಂಟೆಯ ಏರಿಯ ಮೇಲೆ ಊರಿಗೆ ಊರೇ ಬಂದು ನಿಂತಿತ್ತು. ಮುಂದೆ ಸೊಣ್ಣಪ್ಪ, ಕೈಯಲ್ಲಿ ಚೆಂಡು ಹೂವಿನ ಹಾರ.

“ಬನ್ನಿ ಸಾರ್, ಬನ್ನಿ! ಭಾನುವಾರ ಬತ್ತೀನಿ ಅಂದಿದ್ರಿ, ಬಂದ್ರಿ. ಆಫೀಸರ್ ಅಂದ್ರೆ ಇವ್ರು ಕಣ್ರಲಾ! ಒಲ ಬಿಡ್ಲಿಲ್ಲ, ತಿಪ್ಪೆ ಬಿಡ್ಲಿಲ್ಲ, ಕೆಸರ್‌ಗೇ ಇಳ್ದು ಅಳತೆ ನೋಡ್ತಾವ್ರೆ!”

ಕೆಸರಿನಿಂದ ಎಳೆದು, ಕೊರಳಿಗೆ ಹಾರ ಹಾಕಿ, ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನನ್ನು ಕೂರಿಸಿಬಿಟ್ಟರು. ಯಾರೋ ಸೋಡಾ ಒಡೆದು ಕೈಗಿಟ್ಟರು. ಮುನಿಸ್ವಾಮಪ್ಪನವರ ಮುಖದಲ್ಲಿ ಮೂವತ್ತು ವರ್ಷದ ಸರ್ವಿಸಿನಲ್ಲಿ ಒಮ್ಮೆಯೂ ಕಾಣದಿದ್ದ ಬೆಳಕು ಹತ್ತಿಕೊಂಡಿತು.

“ಸರ್ವೆ ಇಲಾಖೆನಾ?” ಎಂದು ಪಕ್ಕದವನನ್ನು ಪಿಸುಗುಟ್ಟಿ ಕೇಳಿದರು.

“ದೊಡ್ಡ ರೋಡ್ ಇವ್ರ ಕೈಯಾಗೇ ಐತೆ ಸ್ವಾಮಿ.”

ಮುನಿಸ್ವಾಮಪ್ಪನವರು ಕುರ್ಚಿಯ ಹಿಂದೆ ಹೋಗಿ ನಿಂತು, ಚಲಪತಿಯ ಭುಜದ ಮೇಲೆ ಕೈಯಿಟ್ಟರು. “ಜೆರಾಕ್ಸ್ ಅಂತ ಹೇಳಿದ್ದು ನಮ್ಮನ್ನ ಪರೀಕ್ಷೆ ಮಾಡೋಕಾ ಅಳಿಯಂದ್ರೆ?”

ಅಳಿಯಂದ್ರೆ! ಇಲ್ಲ ಸಾರ್ ಎನ್ನಲು ತೆರೆದ ಚಲಪತಿಯ ಬಾಯಿ ಆ ಶಬ್ದಕ್ಕೆ ಹಾಗೆಯೇ ಮುಚ್ಚಿಕೊಂಡಿತು. ಈ ಮನುಷ್ಯ ಒಪ್ಪಿದರೆ ಮದುವೆ ಆದಂತೆಯೇ. ಸುಮ್ಮನೆ ಸೋಡಾ ಕುಡಿದುಬಿಟ್ಟರೆ ಸಾಕು. ಅವನು ಕುಡಿದ.

“ಒಂದೇ ಒಂದು ಮಾತು ಏಳ್ಬುಡಿ ಸಾರ್,” ಎಂದ ಸೊಣ್ಣಪ್ಪ. “ಬಟ್ಟೆ ಇರಾದು ನನ್ ಒಲದ ಮ್ಯಾಲೆ. ರೋಡ್ ಅಲ್ಲೇ ತಾನೆ?”

“ನಿನ್ ಒಲ್ದಾಗೆ ಬಟ್ಟೆ ತಾನಾಗೇ ನಡ್ಕೊಂಡು ಬಂತೇನ್ಲಾ?” ಎಂದು ದಾಯಾದಿ ನುಗ್ಗಿದ. “ಮಂಗಳವಾರ ನೀನೇ ಬಿಚ್ಕೊಂಡೋಗಿದ್ದು!”

“ಬುಧವಾರ ನಿನ್ ತಿಪ್ಪೆ ಮ್ಯಾಲಕ್ಕೆ ಅದು ಅತ್ತಿದ್ದೆಂಗ್ಲಾ? ಸರ್ಕಾರದ ರೋಡ್ ತಿಪ್ಪೆ ಮ್ಯಾಲೆ ಓಯ್ತದಾ?”

“ಏಮಯ್ಯಾ, ನಮ್ ಶೆಡ್‌ಗೆ ಬಟ್ಟೆ ಕಟ್ಟಿದ್ದು ಸಾರೇ!” ಎಂದು ಹಿಂದಿನಿಂದ ಇನ್ನೊಂದು ದನಿ ಎದ್ದಿತು. ಊರಿನ ಅರ್ಧ ಭಾಗ ಇನ್ನರ್ಧ ಭಾಗದ ಮೇಲೆ, ಆ ಇನ್ನರ್ಧ ಈ ಅರ್ಧದ ಮೇಲೆ ಬಟ್ಟೆ ಕದ್ದ ಆಪಾದನೆ ಹೊರಿಸಿತು. ಎರಡೂ ಸತ್ಯವಾಗಿದ್ದವು.

ಗಲಾಟೆಯ ನಡುವೆ ದಾರಿ ಮಾಡಿಕೊಂಡು ಗಂಗರತ್ನಮ್ಮ ಬಂದಳು. ಅವಳ ಬೀಳಿನಲ್ಲಿ ಸಸಿಯೂ ಇರಲಿಲ್ಲ, ಈಗ ಬಟ್ಟೆಯೂ ಇರಲಿಲ್ಲ. ಕುರ್ಚಿಯ ಮುಂದೆ ನಿಂತು ನಿಧಾನವಾಗಿ ಕೇಳಿದಳು:

“ಸಾರ್, ನಂಗೆ ಪರಿಹಾರದ ಮಾತು ಬ್ಯಾಡ. ನನ್ ಅಸ ಮೇಯಾಕೆ ಇರಾದು ಅದೊಂದೇ ಬೀಳು. ಮೊದಲ್ನೇ ದಿನ ನೀವು ಬಟ್ಟೆ ಕಟ್ಟಿದ್ದು ಅಲ್ಲೇ, ನಾನೇ ನೋಡಿವ್ನಿ. ನಾಳೆ ದಲ್ಲಾಳಿ ಬತ್ತಾನೆ, ಎರಡೂ ಅಸ ಒಡ್ಕೊಂಡೋಗೋಕೆ. ಮಾತು ಕೊಟ್ಬುಟ್ಟಿವ್ನಿ. ರೋಡ್ ಬರಾದು ದಿಟಾನಾ?”

“ಖಡಾಖಂಡಿತ ಹೇಳ್ಬಿಡಿ ಅಳಿಯಂದ್ರೆ,” ಎಂದರು ಮುನಿಸ್ವಾಮಪ್ಪನವರು ಕಿವಿಯಲ್ಲಿ. “ಆಫೀಸರು ಅಂದ್ಮೇಲೆ ತಡವರಿಸಬಾರದು. ಮಾಘದಲ್ಲೇ ಮುಹೂರ್ತ ಇಟ್ಕೊಳ್ಳೋಣ.”

ಚಲಪತಿ ಅಂಬಿಕಳ ಕಡೆ ನೋಡಿದ. ಅವಳು ಪೀಪಿಯನ್ನು ತುಟಿಗಿಟ್ಟುಕೊಂಡಿದ್ದಳು. ಊದಲೂ ಇಲ್ಲ, ತೆಗೆಯಲೂ ಇಲ್ಲ. ಗಂಗರತ್ನಮ್ಮನ ಹಿಂದೆ ಹಗ್ಗದ ತುದಿಯಲ್ಲಿ ಕಂದು ಹಸುವೊಂದು ಅವನ ಕೊರಳಿನ ಚೆಂಡು ಹೂವಿನ ಕಡೆ ಮೂತಿ ಚಾಚಿತ್ತು. ಒಂದು ಕಡೆ ಮಾಘ, ಒಂದು ಕಡೆ ಹಸು. ಚಲಪತಿ ಹಾರ ತೆಗೆದು ಹಸುವಿನ ಮುಂದಿಟ್ಟ.

“ಹಸ ಮಾರ್ಬೇಡಿ ಅಮ್ಮಾ. ರೋಡೂ ಇಲ್ಲ ಏನೂ ಇಲ್ಲ. ನಾನು ಸರ್ವೆಯವನಲ್ಲ, ಜೆರಾಕ್ಸಿನವನು. ಇವ್ರನ್ನ ಬೆಟ್ಟಕ್ಕೆ ಕರ್ಕೊಂಡು ಬರೋಕೆ ದಾರಿ ಗೊತ್ತಿರಲಿಲ್ಲ. ಮರೆತುಹೋಗ್ಬಾರ್ದು ಅಂತ ಸೀರೆ ಹರಿದು ಕಟ್ಟಿದ್ದೆ. ನಾನು ಒಂದೇ ಒಂದು ಬೆಟ್ಟಾನೂ ಹತ್ತಿದೋನಲ್ಲ. ಟ್ರೆಕ್ಕಿಂಗೂ ಸುಳ್ಳು.”

ತಮಟೆಯವನ ಕೈ ಗಾಳಿಯಲ್ಲಿ ನಿಂತಿತು. ಮುನಿಸ್ವಾಮಪ್ಪನವರ ಕೈ ಭುಜದಿಂದ ಜಾರಿತು. ಮೊದಲು ಮಾತಾಡಿದವರು ಅಶ್ವತ್ಥಮ್ಮ.

“ಯಾವ ಸೀರೆನ್ಲಾ?”

“ಪೆಟ್ಟಿಗೆ ತಳದಲ್ಲಿತ್ತಲ್ಲಮ್ಮ, ಹಳೇದು, ಕೆಂಪು—”

“ನನ್ ಧಾರೆ ಸೀರೆ!”

ಅಶ್ವತ್ಥಮ್ಮ ಬುಟ್ಟಿ ಎತ್ತಿಕೊಂಡೇ ಮಗನ ಕಡೆ ನುಗ್ಗಿದರು. ಚಲಪತಿ ಕುರ್ಚಿ ಹಾರಿ ಓಡಿದ. ತಾಯಿಯೇ ಶುರು ಮಾಡಿದ ಮೇಲೆ ಊರು ಸುಮ್ಮನಿರಲು ಸಾಧ್ಯವೇ? “ಇಡ್ಕೊಳ್ರಲಾ! ಸಸಿ ತಂದ ಟ್ರ್ಯಾಕ್ಟರ್ ಬಾಡಿಗೆ ಯಾರ್ ಕೊಡ್ತಾರೆ!” ಎಂದು ಸೊಣ್ಣಪ್ಪ ಬೆನ್ನು ಹತ್ತಿದ. ಅವನ ಹಿಂದೆ ದಾಯಾದಿ, ಅವನ ಹಿಂದೆ ಊರು, ನಡುವೆ ಪಂಚೆ ಎತ್ತಿ ಕಟ್ಟಿದ ಮುನಿಸ್ವಾಮಪ್ಪನವರು. “ಗಾರ್ಡಿಗೇ ಸುಳ್ಳು ಸಿಗ್ನಲ್ಲಾ!” ಎನ್ನುತ್ತ ಓಡುವಾಗ ಅವರ ಎಡಗಾಲಿನ ಚಪ್ಪಲಿ ಹಳ್ಳದ ಪಾಲಾಗಿ ಬೇತಮಂಗಲದ ಕಡೆ ಹೊರಟುಹೋಯಿತು.

ಊರಿನ ಕಡೆ ದಾರಿ ಕಟ್ಟಿತ್ತು. ಉಳಿದದ್ದು ಬೆಟ್ಟವೊಂದೇ. ಚಲಪತಿ ಹೂಗಳ ನಡುವೆ ನುಗ್ಗಿದ. ತಂಗಡಿ ಪಕ್ಕಕ್ಕೆ ಬಾಗಿತು, ಅಣ್ಣೆಯ ತೆನೆಗಳು ಮೊಣಕಾಲಿಗೆ ಬಡಿದವು, ಚಿಟ್ಟೆಗಳು ಗುಂಪಾಗಿ ಎದ್ದವು. ಹಾಸುಬಂಡೆ ಯಾವಾಗ ಬಂತು, ಯಾವಾಗ ಹಿಂದಾಯಿತು ಗೊತ್ತಾಗಲಿಲ್ಲ. ಕೈ ಸಿಕ್ಕಲ್ಲಿ ಕೈ, ಕಾಲು ಸಿಕ್ಕಲ್ಲಿ ಕಾಲು. ಟ್ರ್ಯಾಕ್ಟರ್ ಹಲ್ಲಿನ ಬೂಟು ಬಂಡೆಯನ್ನು ಕಚ್ಚಿ ಹಿಡಿಯಿತು. ಎದೆ ನಗಾರಿಯಾಗಿತ್ತು, ಆದರೆ ಆ ನಗಾರಿಯೊಳಗೆ ಹೆದರಿಕೆಯ ಜೊತೆಗೆ ಇನ್ನೇನೋ ಬಾರಿಸುತ್ತಿತ್ತು. ತಾನು ಹತ್ತುತ್ತಿದ್ದೇನೆ! ವಿಡಿಯೋದಲ್ಲಲ್ಲ, ಕಾಲಿನಲ್ಲಿ! ಒಂದು ಕಡೆ ನಿಂತು, ತಿರುಗಿ, ಅದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಕೆಳಗಿನವರೆಲ್ಲ ಅವನಿಗೆ ಹೊಡೆಯಲು ಬರುತ್ತಿದ್ದವರು.

ನೆತ್ತಿಯ ಮೇಲೆ ಓಡಲು ಇನ್ನು ಜಾಗವಿರಲಿಲ್ಲ. ಅಲ್ಲಿ ಗಾಳಿ, ಒಂದು ಒಂಟಿ ಬಂಡೆ, ಸುತ್ತ ಆಕಾಶ. ಚಲಪತಿ ಬಂಡೆಗೊರಗಿ ಕುಸಿದ. ಮೊದಲು ಬಂದವಳು ಅಂಬಿಕ. ಅವಳ ಉಸಿರು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ.

“ಜಾಡು ಹುಡುಕಿ ಬರ್ಬೇಕಿತ್ತು,” ಎಂದಳು. “ನೇರವಾಗಿ ಆ ಕಡಿದಾದ ಬಂಡೆ ಮೇಲೇ ಬಂದ್ರಲ್ರೀ!”

“ಅದು ಕಡಿದಾಗಿತ್ತಾ?” ಎಂದ ಚಲಪತಿ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಬಂದವರಿಗೆಲ್ಲ ಹೊಡೆಯುವ ಆಸೆಯಿತ್ತು, ಉಸಿರಿರಲಿಲ್ಲ. ಸೊಣ್ಣಪ್ಪ ಕೈಯೆತ್ತಿದ, ಎತ್ತಿದ ಕೈಯನ್ನು ಬಂಡೆಗೆ ಊರಿ ಕೂತುಬಿಟ್ಟ. ಕೊನೆಗೆ ಕಾಫಿಯ ಫ್ಲಾಸ್ಕು ಹಿಡಿದಿದ್ದ ವೇಣುವಿನ ಹೆಗಲ ಮೇಲೆ ಭಾರ ಹಾಕಿ ಬರಿಗಾಲಿನ ಶಶಿರೇಖ, ಬುಟ್ಟಿ ಬಿಡದ ಅಶ್ವತ್ಥಮ್ಮ. ಅಶ್ವತ್ಥಮ್ಮ ಮಗನ ತಲೆಗೊಂದು ಮೊಟಕಿ, ಸೀರೆಯ ಲೆಕ್ಕ ಅಲ್ಲಿಗೆ ಮುಗಿಸಿ, ಸುತ್ತ ಕೂತವರ ಬಾಡಿದ ಮುಖಗಳನ್ನು ನೋಡಿ ಬೋಂಡಾ ಹಂಚತೊಡಗಿದರು.

“ನನ್ ಸಸಿ...” ಎಂದ ಸೊಣ್ಣಪ್ಪ.

“ಮಾವು ತಾನೆ? ರೋಡ್ ಬರ್ದಿದ್ರೆ ಕಾಯಿ ಬಿಡಾಕಿಲ್ವಾ? ಇಡ್ಕೊ, ಇನ್ನೊಂದು ಇಡ್ಕೊ.”

ಸೊಣ್ಣಪ್ಪ ಇನ್ನೊಂದು ಹಿಡಿದುಕೊಂಡ. ಅಗಿಯುತ್ತ ಕೆಳಗೆ ನೋಡಿದ. ಬಂಗಾರಪೇಟೆಯಿಂದ ಹೊರಟ ರೈಲೊಂದು ಉರಿಗಾಂ ಕಡೆ ತೆವಳುತ್ತಿತ್ತು. ಅದರಾಚೆ ಗಣಿಯ ಮಣ್ಣಿನ ಬೂದು ದಿಬ್ಬಗಳು. ಇತ್ತ ಬುಡದಲ್ಲಿ ಹಳದಿ, ಗುಲಾಬಿ, ಹಸಿರು, ನಡುವೆ ಹಳ್ಳದ ಬೆಳ್ಳಿ. ಗಂಗರತ್ನಮ್ಮ ಬೆಟ್ಟ ಹತ್ತಿರಲಿಲ್ಲ. ಅವಳ ಎರಡು ಹಸುಗಳು ಬೀಳಿನ ನಡುವೆ ಆಗಲೇ ತಲೆ ತಗ್ಗಿಸಿ ಮೇಯುತ್ತಿದ್ದವು.

“ಊರ್‌ನಾಗೇ ಉಟ್ಟಿ ಇಷ್ಟು ವರ್ಸಾಯ್ತು,” ಎಂದ ಸೊಣ್ಣಪ್ಪ. “ಇಂಗೈತೆ ಅಂತ ಗೊತ್ತಿರ್ಲಿಲ್ವಲ್ಲಾ. ಲೇ, ಅದು ನಿನ್ ತಿಪ್ಪೆ ನೋಡ್ಲಾ!” ದಾಯಾದಿಯೂ ಬಗ್ಗಿ ನೋಡಿ, ಖುಷಿಯಿಂದ ತನ್ನ ತಿಪ್ಪೆಯನ್ನು ಎಲ್ಲರಿಗೂ ತೋರಿಸಿದ.

ಮುನಿಸ್ವಾಮಪ್ಪನವರು ಕಾಫಿ ಕುಡಿದು, ಮೀಸೆ ಒರೆಸಿಕೊಂಡು, ಒಂಟಿ ಚಪ್ಪಲಿಯನ್ನು ಕಳಚಿ ಪಕ್ಕಕ್ಕಿಟ್ಟರು. ಕೋಪಕ್ಕೆ ಅವರಲ್ಲಿ ಇನ್ನೂ ದಾಸ್ತಾನಿತ್ತು. ಆದರೆ ಬೋಂಡಾ ತಿಂದಾಗಿತ್ತು, ಕಾಫಿ ಕುಡಿದಾಗಿತ್ತು, ಎರಡೂ ಕಡೆಯವರು ಎದುರುಬದುರು ಕೂತಾಗಿತ್ತು. ಇಂಥ ಹೊತ್ತಿನಲ್ಲಿ ಹೆಣ್ಣಿನ ತಂದೆ ಹೇಳಬೇಕಾದ ಮಾತು ಒಂದೇ. ಅದು ಅವರ ಅನುಮತಿ ಕೇಳದೆ ಹೊರಬಿತ್ತು.

“ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಪ್ಪಾ.”

ಇಡೀ ಬೆಟ್ಟ ಬೋಂಡಾ ಅಗಿಯುವುದನ್ನು ನಿಲ್ಲಿಸಿತು. ಚಲಪತಿ ಅಂಚಿನ ತನಕ ಹೋಗಿ, ತಾನು ಹತ್ತಿ ಬಂದ ಬಂಡೆಯನ್ನು ಮೇಲಿನಿಂದ ಮೊದಲ ಸಲ ನೋಡಿದ. ಅಲ್ಲೇ ನೆಲಕ್ಕೆ ಕುಕ್ಕರಿಸಿದ. ಹಿಂದೆ ಸರಿದು, ಅಂಬಿಕಳ ಮುಖವನ್ನು ನೋಡಿ, ಕೈಮುಗಿಯುವುದೊಂದು ಬಾಕಿ ಎನ್ನುವ ದನಿಯಲ್ಲಿ ಕೇಳಿದ:

“ಇಳಿಯೋ ದಾರಿ ಯಾವುದು?”

ಸೊಣ್ಣಪ್ಪನೂ ಅವಳ ಕಡೆ ನೋಡಿದ. ದಾಯಾದಿಯೂ ನೋಡಿದ. ಎಲ್ಲರೂ ಅವನ ಹಿಂದೆ ಅದೇ ಬಂಡೆ ಹಿಡಿದು ಹತ್ತಿ ಬಂದವರು, ಆ ಪ್ರಶ್ನೆಗೆ ಊರಿನಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ ಎಂಬುದು ಆಗ ಎಲ್ಲರಿಗೂ ಹೊಳೆಯಿತು.

ಅಂಬಿಕ ಬೆಟ್ಟದ ನಾಲ್ಕೂ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಮೇಕೆಗಳ ಹಿಕ್ಕೆ ಬಿದ್ದಿದ್ದ ಕಡೆ ನಿಂತು, ಅಲ್ಲಿಂದ ಕೆಳಗಿಳಿಯುವ ಸಣ್ಣ ಜಾಡನ್ನು ಕಣ್ಣಿನಲ್ಲೇ ಹಳ್ಳದ ತನಕ ಹಿಂಬಾಲಿಸಿದಳು. ಆಮೇಲೆ ವಾಪಸು ಬಂದು ಚಲಪತಿಯ ಮುಂದೆ ಕೈ ಚಾಚಿದಳು.

“ಬನ್ನಿ. ಎಡಗೈ ಬಂಡೆ ಮೇಲಿಡಿ. ಬಲಗೈ ಇಲ್ಲಿ ಕೊಡಿ. ಕೆಳಗೆ ನೋಡ್ಬೇಡಿ, ನನ್ನ ನೋಡಿ.”

ಅವನು ಕೊಟ್ಟ. ಅವಳು ಹಿಡಿದಳು. ಶಶಿರೇಖ ಮೂಗಿನ ಮೇಲೆ ಬೆರಳಿಟ್ಟರು.

“ಅಯ್ಯೋ, ಏನೇ ಇದು? ಮಾತುಕತೆ ಇಲ್ಲ, ತಾಂಬೂಲ ಇಲ್ಲ, ಎಲ್ಲರೆದುರಿಗೆ ಕೈ ಹಿಡ್ಕೊಂಡ್ಬಿಟ್ಯಲ್ಲೇ! ಬಿಡೇ!”

“ಬಿಡೋಕಾಗಲ್ಲ ಅತ್ತೆ,” ಎಂದಳು ಅಂಬಿಕ, ಜಾಡಿನ ಮೊದಲ ಕಲ್ಲಿಗೆ ಕಾಲಿಡುತ್ತ. “ಈಗ ಬಿಟ್ರೆ ಬಿದ್ದೋಗ್ತಾರೆ.”